ಸೊಟ್ಟ ಕೊಂಬಿನ ಮೈಲ

ಟ್ರೇಲರಿನ ಹಿಂದಿನ ತಗಡಿಗೆ ಸ್ಟಿಕ್ಕರ್ ಅಂಟಿಸುವುದು ಆಗಿನ್ನೂ ಶುರುವಾಗಿರಲಿಲ್ಲ. ಸಿಂಹ ಬೇಕಾದವರು, ನವಿಲು ಬೇಕಾದವರು ಎಲ್ಲರೂ ಹೊಸದುರ್ಗದ ಪೇಂಟರ್ ಖಾದರ್ ಸಾಬರ ಶೆಡ್ಡಿಗೇ ಹೋಗಬೇಕಿತ್ತು. ಅಲ್ಲಿ ಮೂಗಿಗೆ ಹೊಡೆಯುವ ಟಿನ್ನರ್ ವಾಸನೆಯ ನಡುವೆ ನನಗೆ ಬನ್ನು, ಟೀ ಸಿಕ್ಕಿದ್ದವು. ಇವತ್ತಿಗೂ ಆ ವಾಸನೆ ಬಂದರೆ ನನಗೆ ಹಸಿವಾಗುತ್ತದೆ.

ನಾನು ಚಿಕ್ಕವಳಿದ್ದಾಗ ಒಂದು ಬೇಸಿಗೆಯಲ್ಲಿ ಮತ್ತೋಡಿನ ನಮ್ಮ ಮನೆಗೆ ಟ್ರಾಕ್ಟರ್ ಬಂತು. ಜೋಡಿಯಲ್ಲಿ ಒಂದು ಎತ್ತು ಸತ್ತು, ಒಂಟಿಯಾಗಿ ಉಳಿದ ಮೈಲನನ್ನು ಅಪ್ಪ ಮಾರಿದ್ದ. ಅಂದಿನಿಂದ ಅಜ್ಜ ಹೊಲದ ಕಡೆ ಹೋಗುವುದನ್ನೇ ಬಿಟ್ಟ. ಟ್ರಾಕ್ಟರ್ ಹತ್ತು ಎಂದರೆ, "ಉಸಿರಿಲ್ಲದ್ದರ ಹಿಂದೆ ನಾನು ಬರಲ್ಲ" ಎಂದು ಜಗಲಿಯ ಕಂಬಕ್ಕೆ ಒರಗಿ ಕೂರುತ್ತಿದ್ದ. ಅವನಿಲ್ಲದ ಹೊಲ ನನಗೂ ಬೇಡವಾಗಿತ್ತು.

ಅಜ್ಜನನ್ನು ಒಲಿಸಲು ಅಪ್ಪ ಹುಡುಕಿದ ಉಪಾಯವೆಂದರೆ ಟ್ರೇಲರ್ ಮೇಲೊಂದು ಎತ್ತು ಬರೆಸುವುದು. ಹಟ ಮಾಡಿ ನಾನೂ ಹೋದೆ. ಸಾಬರು ಬರೆದ ಎತ್ತು ಬಲು ಚೆಂದವಿತ್ತು. ಅದೇ ನನಗೆ ಸರಿಬರಲಿಲ್ಲ.

"ಇದು ನಮ್ಮ ಮೈಲ ಅಲ್ಲ" ಅಂದೆ.

"ಯಾಕವ್ವ, ಏನು ಕಮ್ಮಿಯಾಗೈತೆ?" ಎಂದರು ಸಾಬರು.

"ಎಡಗೊಂಬು ಸೊಟ್ಟ ಇರಬೇಕು. ಕರು ಇದ್ದಾಗ ಹುಣಸೆಮರಕ್ಕೆ ಗುದ್ದಿತ್ತು."

ಅಪ್ಪ ರೇಗಿದ. "ಸುಮ್ನಿರೇ. ಸೊಟ್ಟ ಕೊಂಬು ಬರೆಸ್ಕೊಂಡು ಹೋದ್ರೆ ಊರಾಗೆ ನಗ್ತಾರೆ."

"ಎತ್ತು ಯಾರಿಗೆ ಬರೆಸ್ತಿರೋದ್ರಿ, ಊರಿಗೋ ನಿಮ್ಮಪ್ಪಂಗೋ?" ಎಂದು ಸಾಬರು ಕೇಳಿದರು. ಆಮೇಲೆ ಹಸಿ ಕೊಂಬನ್ನು ಬಟ್ಟೆಯಿಂದ ಒರೆಸಿ ನನ್ನ ಕಡೆ ತಿರುಗಿದರು. "ಹೆಂಗೆ ಬಾಗೈತೆ, ತೋರ್ಸು." ನಾನು ಕಿವಿಯ ಪಕ್ಕ ತೋಳು ಮಡಚಿ ಕಣ್ಣಿನ ಕಡೆಗೆ ಬಗ್ಗಿಸಿ ನಿಂತೆ. ತೋಳು ನೋಯುವ ತನಕ ನಿಂತಿದ್ದೆ.

ಟ್ರೇಲರ್ ಮನೆಗೆ ಬಂದಾಗ ಅಜ್ಜ ಮೊದಲು ಮುಖ ತಿರುಗಿಸಿದ. ಆಮೇಲೆ ಎದ್ದು ಬಂದು ಆ ಕೊಂಬಿನ ಮೇಲೆ ಕೈಯಿಟ್ಟ. ಬಣ್ಣ ಆರಿರಲಿಲ್ಲ, ಅಂಗೈಗೆ ಹತ್ತಿತು. "ಲೇ, ಇದು ನಮ್ಮ ಮೈಲನೇ ಕಣ್ರೋ" ಅಂದ. ಮರುದಿನ ಟ್ರೇಲರಿನಲ್ಲಿ ಕೂತು ಹೊಲಕ್ಕೆ ಹೊರಟ. ನನಗಾದ ಸಂತೋಷಕ್ಕೆ ಟ್ರಾಕ್ಟರಿನ ಮುಂದೆ ಮುಂದೆ ಓಡಿದೆ.

ಎತ್ತುಗಳ ಕೊಂಬಿಗೆ ಬಣ್ಣ ಹಚ್ಚುವ ಕಾರಹುಣ್ಣಿಮೆ ಬಂದಾಗ ಅಜ್ಜ ತಗಡಿನ ಕೊಂಬಿಗೂ ಕೆಂಪು ಬಣ್ಣ ಬಳಿದ. ಚಿತ್ರದ ಬಾಯಿಗೆ ಹೋಳಿಗೆ ಮುಟ್ಟಿಸಿ, "ಅವನು ತಿನ್ನಲ್ಲ ಅಂತಾನೆ, ನೀನೇ ತಿನ್ನು" ಎಂದು ನನಗೆ ಕೊಟ್ಟ. ಆಮೇಲೆ ಪ್ರತಿ ವರ್ಷವೂ ಹಾಗೇ ನಡೆಯಿತು.

ಈಗ ಖಾದರ್ ಸಾಬರಿಲ್ಲ, ಅಜ್ಜನೂ ಇಲ್ಲ. ಶೆಡ್ಡಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ದೊಡ್ಡ ಊರುಗಳಲ್ಲಿ ಒಳ್ಳೊಳ್ಳೆಯ ಚಿತ್ರಗಳನ್ನು ಕಣ್ತುಂಬ ನೋಡಿದ್ದೇನೆ. ಆದರೂ ಚಿತ್ರದಲ್ಲಿ ಅಂಥದ್ದೇನಿದೆ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಅಜ್ಜನ ಅಂಗೈ.

ಟ್ರೇಲರ್ ಗುಜರಿಗೆ ಹೋಗುವಾಗ ಅಪ್ಪ ಆ ತಗಡನ್ನು ಬಿಚ್ಚಿಸಿ ಕೊಟ್ಟಿಗೆಗೆ ಬಾಗಿಲು ಮಾಡಿದ. ಬಿಸಿಲಿಗೆ ಎತ್ತಿನ ಮೈ, ಮುಖ, ಕಣ್ಣು ಎಲ್ಲಾ ಉದುರಿಹೋಗಿವೆ. ವರ್ಷಾವರ್ಷ ಬಣ್ಣದ ಮೇಲೆ ಬಣ್ಣ ಬಿದ್ದ ಕೊಂಬುಗಳು ಮಾತ್ರ ಉಳಿದಿವೆ. ಈ ಸಲ ಕಾರಹುಣ್ಣಿಮೆಗೆ ಊರಿಗೆ ಹೋದಾಗ ಸೊಟ್ಟ ಕೊಂಬು ಇನ್ನೂ ಹಸಿಯಿತ್ತು. ಊಟಕ್ಕೆ ಕೂತ ಅಪ್ಪನ ಬೆರಳ ಸಂದಿಯೆಲ್ಲ ಕೆಂಪಾಗಿತ್ತು.

"ಕೈ ತೊಳ್ಕಳಪ್ಪ" ಅಂದೆ.

"ತೊಳೆದ್ರೆ ಹೋಗಲ್ಲ ಕಣೇ ಅದು" ಅಂದ ಅಪ್ಪ, ಹೋಳಿಗೆ ಮುರಿಯುತ್ತಾ.