ಹೊರಳಿ ಬರುವ ಮೆಟ್ಟಿಲು

ಅವ್ವನ ಹರಕೆ ನನ್ನ ಜೀವದ ಮೇಲಿತ್ತು. ಯುದ್ಧದಿಂದ ಮಗ ಜೀವಂತ ತಿರುಗಿ ಬಂದರೆ ಜಂಬುನಾಥ ಗುಡ್ಡದ ಪ್ರತಿ ಮೆಟ್ಟಿಲಿಗೂ ಕೈಯಾರೆ ಅರಿಸಿನ ಕುಂಕುಮ ಹಚ್ಚುತ್ತ ಹತ್ತುತ್ತೇನೆ ಅಂತ. ನಾನು ಬಂದೆ. ಅಷ್ಟರಲ್ಲಿ ಅವಳ ಎದೆ ಸೋತಿತ್ತು. ಮನೆಯ ಹೊಸ್ತಿಲಿಗಿಂತ ಎತ್ತರದ್ದೇನನ್ನೂ ಹತ್ತಬಾರದು ಅಂದಿದ್ದರು ಹೊಸಪೇಟೆಯ ಡಾಕ್ಟರು.

ಅವಳನ್ನು ನಗಿಸಲು ಲಂಡನ್ನಿನ ಮಾತು ತೆಗೆದೆ. ಸೈನ್ಯದ ಗುಮಾಸ್ತನಾಗಿ ಅಲ್ಲಿದ್ದಾಗ ನೆಲದಡಿಯ ರೈಲಿಗೆ ಎಸ್ಕಲೇಟರ್ ಮೇಲೆ ನಿಂತು ಇಳಿಯುತ್ತಿದ್ದೆ. ಖಾಲಿ ಬೆಂಕಿಪೊಟ್ಟಣಗಳನ್ನು ದಾರಕ್ಕೆ ಪೋಣಿಸಿ, ಎರಡು ರೀಲುಗಳ ಸುತ್ತ ಹಾಕಿ ಎಳೆದು ತೋರಿಸಿದೆ. ಅಲ್ಲಿಯವು ಕಟ್ಟಿಗೆಯ ಮೆಟ್ಟಿಲುಗಳು, ಅಡಿಯಲ್ಲಿ ಗಾಲಿ, ಸರಪಳಿ, ಮೋಟಾರು ಎಳೆಯುತ್ತದೆ, ತುದಿಯಲ್ಲಿ ಮೆಟ್ಟಿಲು ಚಪ್ಪಟೆಯಾಗಿ, ಬಾಚಣಿಗೆಯಂಥ ಹಲ್ಲುಗಳ ಕೆಳಗೆ ನುಸುಳಿ, ಹೊರಳಿ ಮತ್ತೆ ತಳಕ್ಕೆ ಬರುತ್ತದೆ. ಮೊದಮೊದಲು ಜನ ಹೆದರುತ್ತಿದ್ದರಂತೆ. ಒಂದು ಅಂಗಡಿಯಲ್ಲಿ ಮೇಲೆ ಮುಟ್ಟಿದವರಿಗೆ ಬ್ರಾಂದಿ ಕೊಡುತ್ತಿದ್ದರಂತೆ ಅಂದೆ. ಅಲ್ಲೂ ಮೇಲೆ ಹೋದರೆ ತೀರ್ಥ ಐತಿ ಅನ್ನು, ಅಂದಳು ಅವ್ವ. ಆಮೇಲೆ ಪೊಟ್ಟಣಗಳನ್ನೇ ನೋಡುತ್ತ ಕೇಳಿದಳು:

"ಹಂಗಾರ ಹಚ್ಚಿದ ಕುಂಕುಮನೂ ತಿರುಗಿ ಬರತೈತೇನಲೇ?"

"ಬರತೈತವ್ವ. ನೀ ತಳದಾಗ ಕುಂತು ಹಚ್ಚು ಸಾಕು. ಮೆಟ್ಟಲ ತಾವ ಹೊರಳಿ ಬರತಾವ."

ನಕ್ಕೆ. ಅವಳು ನಕ್ಕಳೇ? ನನ್ನ ನೆನಪಿನಲ್ಲಿ ನಗುತ್ತಾಳೆ. ಆ ನೆನಪನ್ನು ನಂಬುವುದಿಲ್ಲ. ಅದು ನನಗೆ ಅನುಕೂಲವಾಗಿದೆ.

ಮುಂದಿನ ಸೋಮವಾರ ನಾನು ಕಂಪ್ಲಿಗೆ ಹೋಗಿದ್ದೆ. ಅವಳ ಹಟಕ್ಕೆ ಅಪ್ಪ ಬಂಡಿ ಕಟ್ಟಿಕೊಂಡು ಗುಡ್ಡದ ಬುಡಕ್ಕೆ ಕರೆದೊಯ್ದ. ಮೊದಲನೇ ಮೆಟ್ಟಿಲ ಮುಂದೆ ಕೂತು ಅರಿಸಿನ ಕುಂಕುಮ ಹಚ್ಚಿದಳಂತೆ. ಹಚ್ಚಿದ್ದರ ಮೇಲೆಯೇ ಮತ್ತೆ ಹಚ್ಚಿದಳಂತೆ, ಬಟ್ಟಲು ಬರಿದಾಗುವವರೆಗೆ. ಗುಡ್ಡ ಇಳಿದು ಬಂದವರು ಅವಳ ಬದಿಯಿಂದ ಸುತ್ತಿಕೊಂಡು ಹೋದರಂತೆ. ಅಪ್ಪ ಹೇಳುವ ರೀತಿ ಪ್ರತಿ ಸಲ ಬೇರೆ; ಬಟ್ಟಲು ಮಾತ್ರ ಪ್ರತಿ ಸಲ ಖಾಲಿ.

ಅಂದಿನಿಂದ ನಾನು ಕೆಮ್ಮಿದರೂ ಬೆಚ್ಚುತ್ತಿದ್ದಳು. ತೀರದ ಹರಕೆ ನನ್ನನ್ನೇ ಕಾಡುತ್ತದೆ ಎಂಬ ಭಯ. ಅದು ತಮಾಷೆಯ ಮಾತಾಗಿತ್ತು ಎಂದು ಹೇಳಬಹುದಿತ್ತು. ಹೇಳಿದರೆ ಹರಕೆ ತೀರಿಲ್ಲ ಎಂದು ಒಪ್ಪಿದಂತೆ. ಸಾಯುವ ಹಿಂದಿನ ದಿನ ನನ್ನ ಕೈ ಹಿಡಿದುಕೊಂಡು ಅಂದಳು:

"ಭಾಳ ಹೊತ್ತು ಕಾದೆ ಮಗಾ. ಆ ಮೆಟ್ಟಲ ಕದಲಲಿಲ್ಲ."

ಉಳಿದ ಮೆಟ್ಟಿಲುಗಳಿಗೆಲ್ಲ ನಾನೇ ಹಚ್ಚಿ ಬಂದೆ ಎಂದು ಇಲ್ಲಿ ಒಮ್ಮೆ ಬರೆದಿದ್ದೆ. ಚೆನ್ನಾಗಿತ್ತು, ಹೊಡೆದುಹಾಕಿದೆ. ಬಟ್ಟಲು ಹಿಡಿದು ಹೋಗಿದ್ದು ನಿಜ. ಮೊದಲನೇ ಮೆಟ್ಟಿಲು ಇನ್ನೂ ಕೆಂಪಗಿತ್ತು. ಅದರ ಮೇಲೆ ಕಾಲಿಡಲಾಗದೆ ತಿರುಗಿ ಬಂದೆ.