ಹಿರೇಗಡ್ಡಿ ಕೆರೆಯ ಮುಳುಗು ಹಡಗು

ಹಿರೇಗಡ್ಡಿಯ ಶಂಕ್ರಪ್ಪ ಹುಟ್ಟಿದಾಗ ಅತ್ತದ್ದು ಹಾಲಿಗಲ್ಲ, ಡೀಸೆಲ್ಲಿಗೆ ಎನ್ನುತ್ತಾರೆ. ಮೊರಬದ ಆಚೆಯ ಕಪ್ಪು ಎರಿಮಣ್ಣಿನ ಹಳ್ಳಿಗಳಿಗೆಲ್ಲ ಅವನೊಬ್ಬನದೇ ನೀರಿನ ಟ್ಯಾಂಕರ್. ಅದು ಪಂಕ್ಚರ್ ಆದರೆ ಮುಹೂರ್ತಗಳೇ ಮುಂದೆ ಹೋಗುತ್ತಿದ್ದವು. ಅವನು ಸೀನಿದರೆ ಊರೂರಲ್ಲಿ ಅನ್ನ ಅರೆಬೆಂದು ಉಳಿಯುತ್ತಿತ್ತು. ಆಮೇಲೆ ಮನೆಮನೆಗೆ ನಳ ಬಂದವು. ನಳದಲ್ಲಿ ಬಂದದ್ದು ನೀರೋ ಗಾಳಿಯೋ ಅದು ಬೇರೆ ಮಾತು, ಟ್ಯಾಂಕರ್ ಕರೆಯುವವರಂತೂ ಇಲ್ಲವಾದರು. ಟ್ಯಾಂಕರಿನೊಳಗೆ ಗುಬ್ಬಿಗಳು ಗೂಡು ಕಟ್ಟಿ, ಮರಿ ಮಾಡಿ, ಮರಿಗಳ ಮದುವೆಯನ್ನೂ ಮುಗಿಸಿದವು.

ಎಲ್ಲೋ ಒಂದು ಸಮುದ್ರದಲ್ಲಿ ಪ್ರವಾಸಿಗರನ್ನು ಕೂಡಿಸಿಕೊಂಡು ನೀರೊಳಗೆ ಮುಳುಗುವ ಹಡಗನ್ನು ಅವನು ಮೊಬೈಲಿನಲ್ಲಿ ನೋಡಿದ್ದು ಟ್ಯಾಂಕರ್ ಹೀಗೆ ನಿಂತಿದ್ದ ಬೇಸಿಗೆಯಲ್ಲೇ.

“ಯಮನೂರ ದರ್ಗಾಕ್ಕ ಹೋಗೋ ಮಂದಿಯೆಲ್ಲಾ ನಮ್ಮೂರ ಮ್ಯಾಲೇ ಹೋಗತಾರ,” ಎಂದ ಹೆಂಡತಿ ಸಾವಿತ್ರೆವ್ವನಿಗೆ. “ಹೋಗೂ ಮುಂದ ಒಮ್ಮೆ, ಬರೂ ಮುಂದ ಒಮ್ಮೆ ನಮ್ಮ ಕೆರ್ಯಾಗ ಮುಳುಗಿಸಿ ಕಳಸೂಣು.”

“ನನ್ನ ಮುಳುಗಿಸಿದ್ದು ಸಾಲಲಿಲ್ಲೇನ್ರಿ? ಈಗ ಅವರ ಪಾಳೇನು?”

ಕೆರೆಯ ಆಳದ ಬಗ್ಗೆ ಮಾತ್ರ ಯಾರಿಗೂ ಅನುಮಾನವಿರಲಿಲ್ಲ. ಅದು ಕುಡಿಯುವ ನೀರಿನ ಕೆರೆ. ಕೊಡ ಅದ್ದಬಹುದು, ಕಾಲಿಡುವಂತಿಲ್ಲ. ಹಿರಿಯರ ಕಾಲದಿಂದ ಒಬ್ಬ ಮನುಷ್ಯನೂ, ಒಂದು ಎಮ್ಮೆಯೂ ಅದರಲ್ಲಿ ಇಳಿದಿಲ್ಲ. ಇಳಿಯದವರು ಹೇಳುವ ಆಳಕ್ಕೆ ಮಿತಿ ಎಲ್ಲಿಯದು? ಹಿಂದೊಮ್ಮೆ ಊರಿನ ಹಗ್ಗಗಳನ್ನೆಲ್ಲ ಗಂಟು ಹಾಕಿ ಕೊಡ ಬಿಟ್ಟರಂತೆ. ಅದು ತಳ ಮುಟ್ಟದೆ ಗೋವೆಯ ಕಡಲಿನ ಉಪ್ಪುನೀರು ತುಂಬಿಕೊಂಡು ಬಂತಂತೆ.

“ಕಾಕಾ, ಹಗ್ಗಕ್ಕ ಒಂದು ಕಬ್ಬಿಣ ಕಟ್ಟಿ ಬಿಟ್ಟು ನೋಡೂಣೇನ್ರಿ?” ಎಂದು, ಟ್ಯಾಂಕರನ್ನು ಹಡಗು ಮಾಡಲು ಬಂದ ಅಣ್ಣಿಗೇರಿಯ ವೆಲ್ಡರ್ ಇನಾಯತ್ ಕೇಳಿದ್ದುಂಟು.

“ಹಡದವ್ವನ ವಯಸ್ಸು ಕೇಳ್ತಾರೇನಲೇ?” ಎಂದು ಶಂಕ್ರಪ್ಪ ಗದರಿದ.

ಊರ ಹಿರಿಯ ಬೀರಲಿಂಗಪ್ಪನ ಒಪ್ಪಿಗೆ ಬೇಕಿತ್ತು. “ಮುಚ್ಚಿದ ಡಬ್ಬ್ಯಾಗ ಕುಂದರತೀವ್ರಿ ಯಜ್ಜಾ. ಕಾಲು ನೀರಿಗೆ ಹತ್ತಂಗಿಲ್ಲ, ನೀರು ಕಾಲಿಗೆ ಹತ್ತಂಗಿಲ್ಲ,” ಎಂದ ಶಂಕ್ರಪ್ಪ. ಯೋಚಿಸುತ್ತ ಯೋಚಿಸುತ್ತ ಬೀರಲಿಂಗಪ್ಪನ ಗಡ್ಡ ಒಂದು ಗೇಣು ಬೆಳೆಯಿತು. ಕೊನೆಗೆ, ಟ್ಯಾಂಕರನ್ನು ಕೊಡದ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಸರಿ ಎಂದ.

ಗಾಲಿ ಬಿಚ್ಚಿದರು. ಕಿಟಕಿ ಕೊರೆಯುವ ಮುಂಚೆ ಸಾವಿತ್ರೆವ್ವ ಕೇಳಿದಳು: “ಮುಳುಗಲಿಲ್ಲಂದ್ರ ಇದು ಮತ್ತ ಟ್ಯಾಂಕರ್ ಆಗತೈತೇನ್ರಿ?”

“ತೂತು ಬಿದ್ದ ಟ್ಯಾಂಕರ್ ಯಾರು ಕರೀತಾರ? ಮುಳುಗಿದ್ರ ಬದುಕ್ತೀವಿ.”

ಕ್ರೇನು ತನ್ನ ಉದ್ದನೆಯ ಕೈ ಚಾಚಿ ಹಡಗನ್ನು ಕೆರೆಯೊಳಗೆ ಇಳಿಸಿದ ದಿನ ದಂಡೆಯ ಮೇಲೆ ಜನವೋ ಜನ. ಮನೆಯಲ್ಲಿ ಉಳಿದದ್ದು ಹಲ್ಲಿಗಳು ಮಾತ್ರ, ಅವೂ ಗೋಡೆಯ ಮೇಲೆ ಕಿಟಕಿಯ ಕಡೆಗೆ ಸರಿದಿದ್ದವು. ಒಳಗೆ ಶಂಕ್ರಪ್ಪ, ಇನಾಯತ್ ಮತ್ತು ಭಾರಕ್ಕೆಂದು ತುಂಬಿದ ಮರಳಿನ ಚೀಲಗಳು. ಕೆಳಗೆ ಪಚಕ್ಕೆಂದಿತು. ಶಂಕ್ರಪ್ಪ ಗಾಜಿಗೆ ಮುಖ ಹಚ್ಚಿ ಕಾದ. ದಂಡೆಯ ಮೇಲಿದ್ದ ಸಾವಿತ್ರೆವ್ವನ ಮೂಗುಬೊಟ್ಟು ಸಹ ನಿಚ್ಚಳ ಕಾಣುತ್ತಿತ್ತು.

“ಯಾವಾಗ ಮುಳುಗತೈತಿ ಇನಾಯತ್?”

“ಮುಳುಗಿ ಆತ್ರಿ ಕಾಕಾ. ನೆಲಕ್ಕ ಕುಂತೈತಿ.”

ಶಂಕ್ರಪ್ಪ ಮುಚ್ಚಳ ತೆಗೆದು ತಲೆ ಹೊರಗೆ ಹಾಕಿದ. ಹಡಗು ಅರ್ಧ ಮೈ ಮೇಲಿಟ್ಟುಕೊಂಡು ಎಮ್ಮೆಯ ಹಾಗೆ ಕುಳಿತಿತ್ತು. ಸತ್ತವರ ಮನೆಯಲ್ಲೂ ಚಾಷ್ಟಿ ಮಾಡುವ ಹಿರೇಗಡ್ಡಿಯ ಜನ, ಒಬ್ಬರೂ ನಗಲಿಲ್ಲ. ಅವರು ಹಡಗನ್ನು ನೋಡುತ್ತಿರಲಿಲ್ಲ, ನೀರನ್ನು ನೋಡುತ್ತಿದ್ದರು.

“ಕಲ್ಲಿನ ಮ್ಯಾಲೆ ಕುಂತಿರಬೇಕೋ! ಬಾಜೂಕ ಆಳ ಐತಿ!” ಬೀರಲಿಂಗಪ್ಪ ಕೂಗಿದ.

“ಹೌದ್ರಿ, ಕಲ್ಲು! ಕಲ್ಲೇ!” ಎಂದಿತು ದಂಡೆ. ನಾಯಿಗೆ ಒಗೆಯಲೂ ಕಲ್ಲು ಸಿಗದ ಆ ಎರಿ ನೆಲದಲ್ಲಿ ಕಲ್ಲು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.

ಕ್ರೇನು ಎಳೆಯಿತು. ಕೆಸರು ಬಿಡಲಿಲ್ಲ, ಸರಪಳಿ ಕಡಿದುಹೋಯಿತು. ಬಿಸಿಲಿಗೆ ಹಡಗು ರೊಟ್ಟಿ ಹಂಚಿನಂತೆ ಕಾಯಿತು. ಇಳಿಯದೆ ಗತಿಯಿರಲಿಲ್ಲ. ಶಂಕ್ರಪ್ಪ ಕೆರೆಗೆ ಕೈಮುಗಿದು ಕಾಲಿಟ್ಟ. ಕಲ್ಲಿರಲಿಲ್ಲ. ಕೆಸರಿತ್ತು, ಕೆಸರಿನ ಕೆಳಗೆ ಕೆಸರು. ನೀರು ತೊಡೆಯ ಮಟ್ಟ.

ದಂಡೆಯ ಮೇಲೆ ಉಸಿರು ಹಿಡಿದ ಊರನ್ನು ಅವನು ನೋಡಿದ. ಟ್ಯಾಂಕರಂತೂ ಹೋಯಿತು. ಮೆಲ್ಲಗೆ ಮೊಣಕಾಲು ಮಡಚಿದ. ನೀರು ಗಂಟಲಿಗೆ ಬಂತು. ಈಜುವವನಂತೆ ಕೈ ಬಡಿಯುತ್ತ, ನೀರು ಉಗುಳುತ್ತ ಕೂಗಿದ: “ಕಲ್ಲೇ ಐತ್ರೋ! ಇಲ್ಲೆ ನೆಲಾ ಹತ್ತವಲ್ದು!”

ದಂಡೆ ಉಸಿರು ಬಿಟ್ಟಿತು. ಹಿಂದೆ ಇಳಿದ ಇನಾಯತ್ ಕಣ್ಣು ಪಿಳಿಪಿಳಿ ಮಾಡಿ, ತಾನೂ ಕುಕ್ಕರಿಸಿದ. ಇಬ್ಬರೂ ಕಪ್ಪೆಗಳಂತೆ ತೆವಳಿದರು. ಆದರೆ ದಂಡೆ ಹತ್ತಿರವಾದಂತೆ ನೀರು ಇನ್ನೂ ತೆಳುವಾಯಿತು. ಗಂಟಲು ಬಿಟ್ಟಿತು, ಎದೆ ಬಿಟ್ಟಿತು. ಶಂಕ್ರಪ್ಪ ಹೊಟ್ಟೆಯ ಮೇಲೆ ಮಲಗಿ ಕೈ ಬಡಿಯುತ್ತಲೇ ಇದ್ದ. ಬಡಿದಲ್ಲೆಲ್ಲ ಕಪ್ಪು ಕೆಸರು ಏಳುತ್ತಿತ್ತು.

ಸಾವಿತ್ರೆವ್ವ ನೀರಿನ ಅಂಚಿಗೆ ಬಂದಳು.

“ಏಳ್ರಿ,” ಎಂದಳು ಸಣ್ಣ ದನಿಯಲ್ಲಿ. “ಮೊಣಕಾಲು ತರಚತಾವು. ಎಲ್ಲಾರಿಗೂ ಕಂಡೈತಿ.”

ಶಂಕ್ರಪ್ಪ ಇನ್ನೆರಡು ಸಲ ಕೈ ಬಡಿದು ಎದ್ದು ನಿಂತ. ನೀರು ಅವನ ಮೀನಖಂಡದ ತನಕವೂ ಇರಲಿಲ್ಲ.