ಟಕಟಕಮ್ಮನ ಕಾದ ಲ್ಯಾಪ್‌ಟಾಪ್

ಬೆಳಕು ಹರಿಯುವ ಮೊದಲೇ ಅವಳು ಹಾಲು ಕಾಯಿಸಿರುತ್ತಾಳೆ. ನೀರಿನ ಮೋಟಾರು ಹಾಕಿ, ಟ್ಯಾಂಕು ತುಂಬಿದ ಸದ್ದಿಗೆ ಓಡಿಹೋಗಿ ಆರಿಸಿರುತ್ತಾಳೆ. ಗಂಡನ ಡಬ್ಬಿ, ಮಗಳ ಡಬ್ಬಿ ತುಂಬಿ, ಬಿಸಿ ಆರಲೆಂದು ಮುಚ್ಚಳ ತೆರೆದಿಟ್ಟಿರುತ್ತಾಳೆ. ಅತ್ತೆಯ ಮಾತ್ರೆಗಳನ್ನು ಪುಟ್ಟ ಬಟ್ಟಲಿಗೆ ಹಾಕಿ, ಒಣಗಿದ ಬಟ್ಟೆ ಮಡಿಸಿ, ಮಗಳ ಒಂಟಿ ಸಾಕ್ಸಿನ ಜೋಡಿಯನ್ನು ಮಂಚದ ಕೆಳಗಿಂದ ಎಳೆದು ತೆಗೆದಿರುತ್ತಾಳೆ. ಆಮೇಲೆ ಊಟದ ಮೇಜಿನ ಒಂದು ಮೂಲೆ ಒರೆಸಿ, ಲ್ಯಾಪ್‌ಟಾಪ್ ತೆರೆದು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡರೆ ಅವಳ ಕೆಲಸ ಶುರು. ಅಲ್ಲಿಯವರೆಗೆ ಮಾಡಿದ್ದಕ್ಕೆ ಆ ಮನೆಯಲ್ಲಿ ಕೆಲಸ ಅನ್ನುವ ಹೆಸರಿಲ್ಲ.

ಆಸ್ಪತ್ರೆಯ ಡಾಕ್ಟರುಗಳು ರೋಗಿಗಳನ್ನು ನೋಡಿ ಗಡಿಬಿಡಿಯಲ್ಲಿ ರೆಕಾರ್ಡ್ ಮಾಡಿದ ಮಾತನ್ನು ಕೇಳಿ ವರದಿ ಟೈಪ್ ಮಾಡುವುದು ಅವಳ ಕೆಲಸ. ಒಬ್ಬರು ಆಕಳಿಸುತ್ತ ಹೇಳುತ್ತಾರೆ, ಇನ್ನೊಬ್ಬರು ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡು. ಎಡಗಾಲು ಅಂದದ್ದು ಬಲಗಾಲಾಗಬಾರದು. ಕೀಲಿಗಳ ಸದ್ದು ಕೇಳಿ ಕೇಳಿ ಗಂಡ ಇಟ್ಟ ಹೆಸರು ಟಕಟಕಮ್ಮ. ಮೊದಮೊದಲು ಅವಳಿಗೂ ನಗು ಬರುತ್ತಿತ್ತು.

ಲ್ಯಾಪ್‌ಟಾಪ್ ಅವಳದೇ ದುಡಿಮೆಯದು. ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸಿಕೊಳ್ಳದವರಿಗೆ ಇನ್ನು ಡಾಕ್ಟರುಗಳ ಫೈಲು ಕೊಡುವುದಿಲ್ಲ ಎಂದು ಕೆಲಸ ಹಂಚುವ ಮೇಲ್ವಿಚಾರಕಿ ಹೇಳಿದಾಗ ಗಂಡ, "ಒಂದು ಕ್ಲಿಕ್ಕಿನ ಕೆಲಸ, ಕೊಡಿಲ್ಲಿ ಟಕಟಕಮ್ಮನೋರೇ" ಎಂದು ಭಾನುವಾರ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅವಳು ಆಗ ಬಚ್ಚಲು ತಿಕ್ಕುತ್ತಿದ್ದಳು.

ಸೋಮವಾರದಿಂದ ಅದು ಕಾದ ಹೆಂಚು. ಒಳಗಿನ ಫ್ಯಾನು ಒಂದೇ ಸಮನೆ ಕೂಗುತ್ತದೆ, ವರದಿ ಅರ್ಧಕ್ಕೆ ಬಂದಾಗ ಪರದೆ ಕಪ್ಪಾಗುತ್ತದೆ. ಅವಳು ಕೆಳಗೆ ಸ್ಟೀಲ್ ತಟ್ಟೆ ಬೋರಲು ಹಾಕಿದಳು. ತಟ್ಟೆಯೂ ಕಾಯಿತು. ಒದ್ದೆ ಬಟ್ಟೆ ಹಾಸಹೋದಾಗ ಅತ್ತೆ ಅಂಗೈ ಇಟ್ಟು ನೋಡಿ, "ಅಯ್ಯೋ, ಜ್ವರ ಬಂದ ಮಗು ಥರ ಇದೆಯಲ್ಲೇ! ಆದ್ರೂ ಕರೆಂಟಿನ ವಸ್ತುವಿಗೆ ಒದ್ದೆ ಬಟ್ಟೆ ಬೇಡಮ್ಮ" ಅಂದರು.

ಬುಧವಾರ ಮೇಲ್ವಿಚಾರಕಿ ಫೋನು ಮಾಡಿದಳು. "ಮೂರು ದಿನದಿಂದ ನಿಮ್ಮ ವರದಿಗಳೇ ತಡ. ನಾಳೆ ಮಧ್ಯಾಹ್ನದೊಳಗೆ ಎಲ್ಲ ಬರದಿದ್ರೆ ನಿಮ್ಮ ಡಾಕ್ಟರುಗಳನ್ನ ಬೇರೆಯವರಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ."

ಗುರುವಾರ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಅವಳು ಬೀದಿ ಕೊನೆಯ ರಿಪೇರಿ ಅಂಗಡಿಯ ಮುಂದಿದ್ದಳು. ಅಲ್ಲಿಯ ಹುಡುಗಿ ಹಿಂದಿನ ಮುಚ್ಚಳ ಬಿಚ್ಚಿ ಧೂಳು ಊದಿದಳು, ಮುಚ್ಚಿ, ಪರದೆಯನ್ನು ಇವಳತ್ತ ತಿರುಗಿಸಿದಳು.

"ಮಿಷಿನ್ನು ಚೆನ್ನಾಗೇ ಇದೆ ಅಕ್ಕ. ಹೊಸ ಸಿಸ್ಟಮ್ಮಿಗೆ ಇಲ್ಲದ ಚಾಕರಿ ಹಚ್ಚಿದ್ದಾರೆ. ಯಾರದೋ ಫೋನಿನ ಹತ್ತು ವರ್ಷದ ಫೋಟೋ, ಮ್ಯಾಚಿನ ವಿಡಿಯೋ ಎಲ್ಲ ಇಳಿಸಿಕೊಳ್ತಿದೆ, ಒಂದೊಂದೇ ಮುಖ ಗುರುತು ಹಿಡೀತಿದೆ. ಹಗಲೂ ರಾತ್ರಿ ಅದೇ."

"ನಿಲ್ಲಿಸಿಬಿಡಮ್ಮ."

ಹುಡುಗಿ ಒತ್ತಿದಳು. ಪಾಸ್‌ವರ್ಡ್ ಕೇಳಿತು. "ಇದು ಯಾರದು ಅಕ್ಕ?"

"ನನ್ನದೇ."

"ಇದು ಹಾಗೆ ಹೇಳ್ತಿಲ್ಲ. ಮುಖ್ಯ ಬಳಕೆದಾರರು ಅಂತ ಬೇರೆ ಹೆಸರಿದೆ. ನೀವು ಬರೀ ಕುಟುಂಬದ ಸದಸ್ಯೆ. ಏನು ಬದಲಾಯಿಸೋದಕ್ಕೂ ಅವರ ಒಪ್ಪಿಗೆ ಬೇಕು."

ಮನೆಗೆ ಬಂದು ಗಂಡನಿಗೆ ಫೋನು ಮಾಡಿ, ಅವನ ಹೆಸರು ಅಲ್ಲಿ ಹೇಗೆ ಬಂತು, ಪಾಸ್‌ವರ್ಡ್ ಏನು ಎಂದು ಕೇಳಿದಳು.

"ಅದಾ? ಸೆಟಪ್ಪಿನಲ್ಲಿ ಹೆಸರು ಕೇಳ್ತು, ಹಾಕಿದೆ. ಪಾಸ್‌ವರ್ಡ್ ಫೋನಲ್ಲಿ ಹೇಳ್ತಾರೇನೇ? ನೀನು ಏನೋ ಒತ್ತಿ ಕೆಡಿಸ್ತೀಯ. ಸಂಜೆ ಬಂದು ನೋಡ್ತೀನಿ."

"ಸಂಜೆಗೆ ನನ್ನ ಕೆಲಸವೇ ಇರಲ್ಲ ರೀ."

"ಮೀಟಿಂಗಿದೆ, ಇಡ್ತೀನಿ."

ಪಕ್ಕದ ಕುರ್ಚಿಯಲ್ಲಿ ಅವರೆಕಾಳು ಬಿಡಿಸುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಪಾಸ್‌ವರ್ಡಾ? ಗುಂಡು, ಆಮೇಲೆ ನಮ್ಮ ಮನೆ ನಂಬರು. ಚಿಕ್ಕಂದಿನಲ್ಲಿ ಅವನನ್ನ ಕರೀತಿದ್ದದ್ದು. ನನ್ನ ಮಾತ್ರೆ ತರಿಸೋ ಆ್ಯಪಿಗೂ ಅದನ್ನೇ ಹಾಕಿಕೊಟ್ಟಿದ್ದಾನೆ." ಕಾಳಿನ ಪಾತ್ರೆ ಎತ್ತಿಕೊಂಡು ಎದ್ದರು. "ನಾನೇನೂ ಹೇಳಿಲ್ಲಪ್ಪ. ಹಿತ್ತಲಲ್ಲಿ ಬಿಸಿಲಿದೆ, ಅಲ್ಲಿ ಕೂರ್ತೀನಿ."

ಅವಳು ಒಬ್ಬಳೇ ಉಳಿದಳು. ಫ್ಯಾನು ಕೂಗುತ್ತಲೇ ಇತ್ತು. ಗುಂಡು ಎಂದು ಟೈಪ್ ಮಾಡಿ ಮನೆ ನಂಬರು ಸೇರಿಸಿದಳು. ಒಪ್ಪಿಕೊಂಡಿತು, ಒಳಗಿನ ಬಾಗಿಲು ತೆರೆಯಿತು.

ಎರಡು ದಾರಿ ಕಂಡವು. ಫೋಟೋ ಇಳಿಸುವುದನ್ನು ಇವತ್ತಿಗೆ ನಿಲ್ಲಿಸುವುದು ಒಂದು. ಅವನಿಗೆ ಗೊತ್ತೇ ಆಗುವುದಿಲ್ಲ. ನಾಳೆ ಅದು ತಾನಾಗಿ ಮತ್ತೆ ಶುರುವಾಗುತ್ತದೆ, ಅವಳು ಮತ್ತೆ ಕದ್ದು ಒಳಗೆ ಬರಬೇಕು. ಇನ್ನೊಂದು, ಮುಖ್ಯ ಬಳಕೆದಾರರನ್ನು ಬದಲಿಸುವುದು. ಅದನ್ನು ಒತ್ತಿದರೆ ಫೋಟೋ ಇಳಿಯುವುದು ಪೂರ್ತಿ ನಿಲ್ಲುತ್ತದೆ, ಆದರೆ ಸಂಜೆ ಅವನು ಅದರಲ್ಲಿ ಮ್ಯಾಚು ನೋಡಲು ಕೂತಾಗ ಲ್ಯಾಪ್‌ಟಾಪು ಅವನಿಗೆ ಇವಳ ಒಪ್ಪಿಗೆ ಬೇಕು ಅನ್ನುತ್ತದೆ. ಅವನು ಕೂಗಾಡುವವನಲ್ಲ. ಊಟ ಬೇಡ ಅನ್ನುತ್ತಾನೆ, ವಾರಗಟ್ಟಲೆ ಮಗಳ ಮೂಲಕ ಮಾತಾಡುತ್ತಾನೆ. ಆ ಮೌನ ಅವಳಿಗೆ ಗೊತ್ತು. ಹಿಂದೆ ಪ್ರತಿಸಲವೂ ಅವಳೇ ಮೊದಲು ಸೋತಿದ್ದಳು.

ಅಂಗೈಯನ್ನು ಕೀಲಿಗಳ ಪಕ್ಕದಲ್ಲಿಟ್ಟಳು, ಸುಟ್ಟಿತು. ತೆಗೆಯಲಿಲ್ಲ.

ಎರಡನೆಯದನ್ನು ಒತ್ತಿದಳು.

ಹೆಸರು ಕೇಳಿತು, ಶಾಲೆಯ ಹಾಜರಿಯಲ್ಲಿ ಕೂಗುತ್ತಿದ್ದ ತನ್ನ ಪೂರ್ತಿ ಹೆಸರು ಬರೆದಳು. ಹೊಸ ಪಾಸ್‌ವರ್ಡ್ ಕೇಳಿತು. ಯಾರ ಹುಟ್ಟಿದ ದಿನವೂ ಅಲ್ಲದ, ಆ ಮನೆಯಲ್ಲಿ ಯಾರೂ ಊಹಿಸಲಾರದ ಒಂದನ್ನು ಹಾಕಿದಳು. ಎಲ್ಲೂ ಬರೆದಿಡಲಿಲ್ಲ. ಫ್ಯಾನಿನ ಕೂಗು ಇಳಿಯುವುದಕ್ಕೂ ಕಾಯದೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮೊದಲ ಫೈಲು ತೆರೆದಳು.